ಡ್ರಮ್ ಕಟ್ಟುವ ಕೈಗಳನ್ನು ಮೊದಲು ಕೇಳಿ

2024ರ ಫೆಬ್ರುವರಿ 22ರಂದು ಪಾವಗಡದ ತಾಯಿ ಮತ್ತು ಮಗು ಆಸ್ಪತ್ರೆಯಲ್ಲಿ ಏಳು ಹೆಂಗಸರಿಗೆ ಆಪರೇಷನ್ ಆಯಿತು. ಸಿಸೇರಿಯನ್, ಸಂತಾನಹರಣ, ಗರ್ಭಕೋಶದ ಶಸ್ತ್ರಚಿಕಿತ್ಸೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರವಾರವೂ ನಡೆಯುವಂಥವೇ, ಯಾವುದೂ ಅಪರೂಪದ್ದಲ್ಲ. ಆ ಏಳು ಮಂದಿಯಲ್ಲಿ ಮೂವರು ನಂಜೇರಿ ತೀರಿಕೊಂಡರು. ಉಪಕರಣಗಳನ್ನು ಸರಿಯಾಗಿ ಸ್ಟೆರಿಲೈಸ್ ಮಾಡದೆ ಬಳಸಿದ್ದರಿಂದ ಸೋಂಕು ತಗುಲಿತೆಂದು ಆರೋಗ್ಯ ಇಲಾಖೆ ಮೇಲ್ನೋಟಕ್ಕೆ ಕಂಡುಕೊಂಡಿತು. ಗುತ್ತಿಗೆಯ ಮೇಲಿದ್ದ ಸ್ತ್ರೀರೋಗ ತಜ್ಞೆ ವಜಾ ಆದರು. ಒಬ್ಬ ಶುಶ್ರೂಷಕಿ ಮತ್ತು ಆಪರೇಷನ್ ಥಿಯೇಟರಿನ (ಓಟಿ) ಒಬ್ಬ ತಂತ್ರಜ್ಞ ಅಮಾನತಾದರು.

ಶಿಕ್ಷೆ ಬೇಡವಿತ್ತೆಂದು ನಾನು ಹೇಳುತ್ತಿಲ್ಲ. ಸತ್ತವರ ಮನೆಯವರಿಗೆ ಉತ್ತರ ಸಿಗಲೇಬೇಕು. ಆದರೆ ನನ್ನ ಪ್ರಶ್ನೆ ಆ ದಿನಕ್ಕೆ ಮುಂಚಿನದು. ನಮ್ಮ ಆಸ್ಪತ್ರೆಗಳಲ್ಲಿ ಓಟಿ ತೊಳೆಯುವವರನ್ನು, ಡ್ರಮ್ ಕಟ್ಟುವವರನ್ನು, ರಾತ್ರಿ ಪಾಳಿಯ ಸಿಸ್ಟರ್‌ಗಳನ್ನು, ಸ್ಟ್ರೆಚರ್ ತಳ್ಳುವವರನ್ನು ಒಮ್ಮೆಯಾದರೂ ಕೂರಿಸಿಕೊಂಡು 'ಇಲ್ಲಿ ನಂಜು ಎಲ್ಲಿಂದ ನುಗ್ಗಬಹುದು, ನಿಮಗೇನನ್ನಿಸುತ್ತದೆ' ಎಂದು ಕೇಳುವವರು ಯಾರು? ಸಾವು ಸಂಭವಿಸಿದ ಮೇಲೆ ಅವರ ಹೆಸರು ವರದಿಯ ಮೊದಲ ಸಾಲಿಗೆ ಬರುತ್ತದೆ. ಅಲ್ಲಿಯವರೆಗೆ ಅದು ಹಾಜರಿ ಪುಸ್ತಕದಲ್ಲಷ್ಟೇ ಇರುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ಮಧುಗಿರಿ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳ ಆಡಳಿತ ವೈದ್ಯಾಧಿಕಾರಿಗಳೇ, ಆರೋಗ್ಯಾಧಿಕಾರಿಗಳೇ, ಆರೋಗ್ಯ ರಕ್ಷಾ ಸಮಿತಿಗಳ ಅಧ್ಯಕ್ಷ ಪೀಠದಲ್ಲಿ ಕೂರುವ ಶಾಸಕರೇ, ಈ ಪ್ರಶ್ನೆ ನಿಮಗೆ.

ಒಂದು ಡ್ರಮ್ಮಿನ ಕಥೆಯನ್ನೇ ತೆಗೆದುಕೊಳ್ಳಿ. ಬಟ್ಟೆ, ಕತ್ತರಿ, ಫೋರ್ಸೆಪ್ಸ್ ತುಂಬಿದ ಡ್ರಮ್ಮನ್ನು ಆವಿಯಿಂದ ರೋಗಾಣು ಕೊಲ್ಲುವ ಆಟೋಕ್ಲೇವ್‌ನಲ್ಲಿ ಇಡುತ್ತಾರೆ. 121 ಡಿಗ್ರಿ ಸೆಲ್ಸಿಯಸ್ ಶಾಖ, ಚದರ ಅಂಗುಲಕ್ಕೆ 15 ಪೌಂಡ್ ಒತ್ತಡ, ಅದರ ಮೇಲೆ ನಿಗದಿಯಾದಷ್ಟು ಹೊತ್ತು. ಡ್ರಮ್ಮಿಗೆ ಅಂಟಿಸಿದ ಟೇಪಿನ ಗೆರೆ ಕಪ್ಪಾದರೆ ಆಯಿತು ಎನ್ನುತ್ತೇವೆ. ಆದರೆ ಟೇಪು ಹೇಳುವುದು ಹೊರಗೆ ಶಾಖ ತಾಕಿತೆಂಬುದನ್ನು ಮಾತ್ರ. ಬಟ್ಟೆಯನ್ನು ಒತ್ತಿ ಒತ್ತಿ ತುಂಬಿದ್ದರೆ, ಡ್ರಮ್ಮಿನ ಪಕ್ಕದ ತೂತು ತೆರೆಯಲು ಮರೆತಿದ್ದರೆ, ಆವಿ ನಡುಮಧ್ಯಕ್ಕೆ ಹೋಗಿರುವುದೇ ಇಲ್ಲ. ನಡುವೆ ಕರೆಂಟ್ ಹೋಗಿ ಬಂದರೆ ಹೊತ್ತನ್ನು ಮತ್ತೆ ಮೊದಲಿನಿಂದ ಎಣಿಸಬೇಕು. ಒಳಗಿನ ರೋಗಾಣು ಸತ್ತಿದೆಯೇ ಎಂದು ಖಾತ್ರಿಯಾಗಬೇಕಾದರೆ ಶಾಖಕ್ಕೆ ಜಗ್ಗದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಒಳಗಿಟ್ಟು ಪರೀಕ್ಷಿಸಬೇಕು. ಇದೆಲ್ಲ ಕೈಪಿಡಿಯಲ್ಲಿದೆ. ಇವತ್ತು ಬೆಳಿಗ್ಗೆ ಕರೆಂಟ್ ಎಷ್ಟು ಹೊತ್ತಿಗೆ ಹೋಯಿತು, ರಬ್ಬರ್ ಗ್ಯಾಸ್ಕೆಟ್ ಎಲ್ಲಿ ಆವಿ ಬಿಡುತ್ತಿದೆ ಎಂಬುದು ಮಾತ್ರ ಯಾವ ಕೈಪಿಡಿಯಲ್ಲೂ ಇರಲಾರದು. ಅದು ಪಕ್ಕದಲ್ಲಿ ನಿಂತವಳಿಗೆ ಗೊತ್ತು.

ಈಗ ಹೇಳಿ. ಟೇಬಲ್ ಮೇಲೆ ಒಬ್ಬಾಕೆ ಮಲಗಿದ್ದಾಳೆ, ಹೊರಗೆ ಇನ್ನೂ ನಾಲ್ವರು ಹಸಿದ ಹೊಟ್ಟೆಯಲ್ಲಿ ಕಾಯುತ್ತಿದ್ದಾರೆ, ಡಾಕ್ಟರು ಗ್ಲೌಸ್ ಹಾಕಿಯಾಗಿದೆ. ಆ ಹೊತ್ತಿನಲ್ಲಿ ಗ್ರೂಪ್ ಡಿ ಕೆಲಸದ ಹೆಂಗಸು 'ಸಾರ್, ಈ ಡ್ರಮ್ ಆಗಿಲ್ಲ, ನಿಲ್ಲಿಸಿ' ಎಂದು ಬಾಯಿಬಿಟ್ಟು ಹೇಳಬಲ್ಲಳೇ? ಹೇಳಿದರೆ ಅವಳಿಗೆ ಸಿಗುವುದು ಶಹಬ್ಬಾಸ್‌ಗಿರಿಯೋ, ಮೆಮೊವೋ? ಅವಳ ಸಂಬಳ ಹೊರಗುತ್ತಿಗೆಯ ಏಜೆನ್ಸಿಯಿಂದ ಬರುತ್ತಿದ್ದರೆ, ನಾಳೆ ಬರಬೇಡ ಎನ್ನಲು ಒಂದು ಫೋನ್ ಸಾಕು ಎಂದಿದ್ದರೆ, ಅವಳು ಸುಮ್ಮನಿರುತ್ತಾಳೆ. ಆ ಮೌನಕ್ಕೆ ಅವಳೊಬ್ಬಳನ್ನೇ ಹೊಣೆ ಮಾಡಲು ನನಗೆ ಮನಸ್ಸು ಒಪ್ಪುವುದಿಲ್ಲ.

ದುಡಿಯುವ ಕೈಯ ಅನುಭವಕ್ಕೆ ಬೆಲೆಯಿದೆ ಎಂಬುದನ್ನು ಪಾವಗಡಕ್ಕೆ ಹೊರಗಿನಿಂದ ಬಂದು ಹೇಳಿಕೊಡಬೇಕಿಲ್ಲ. ಸೂಲಗಿತ್ತಿ ನರಸಮ್ಮ ಅದೇ ತಾಲ್ಲೂಕಿನ ಕೃಷ್ಣಾಪುರದವರು. ಶಾಲೆಯ ಮೆಟ್ಟಿಲು ಹತ್ತದೆ, ಅಜ್ಜಿ ಮರಿಗೆಮ್ಮನಿಂದ ಕೈಗೆ ಕೈ ಕಲಿತು, 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಆ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಕ್ಷರ ಬಾರದ ಕೈಯಲ್ಲೂ ತಿಳಿವಳಿಕೆ ಇರುತ್ತದೆ ಎಂದು ಅವತ್ತು ನಾವೆಲ್ಲ ಭಾಷಣ ಮಾಡಿದೆವು. ಹಾಗಿದ್ದರೆ ಇವತ್ತು ಹೆರಿಗೆ ವಾರ್ಡಿನ ನೆಲ ಒರೆಸುವ ಆಯಾಳ ತಿಳಿವಳಿಕೆ ಏಕೆ ಲೆಕ್ಕಕ್ಕೆ ಬರುವುದಿಲ್ಲ? ಮನೆಯ ಹೆರಿಗೆಗೆ ಮರಳಿ ಎನ್ನುವ ಹುಚ್ಚುಮಾತನ್ನು ನಾನು ಆಡುತ್ತಿಲ್ಲ. ಬಸುರಿಯರು ಆಸ್ಪತ್ರೆಗೇ ಬರಬೇಕು. ಬಂದವರು ಮನೆಗೆ ಮರಳಬೇಕು, ಅಷ್ಟೇ.

ಮರಳದೆ ಹೋದವರ ಲೆಕ್ಕ ಸಣ್ಣದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಸತ್ತರು. ಅಲ್ಲಿ ಬೆರಳು ತೋರಿದ್ದು ಡ್ರಿಪ್ ಬಾಟಲಿಯತ್ತ. ಆಮೇಲೆ ರಾಜ್ಯ ಸರ್ಕಾರ ಆ ವರ್ಷದ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳನ್ನು ಪರಿಶೀಲಿಸಿತು. ಶೇ 70ಕ್ಕೂ ಹೆಚ್ಚನ್ನು ತಡೆಯಬಹುದಿತ್ತು ಎಂದು ಆ ಪರಿಶೀಲನೆಯೇ ಹೇಳಿತು. ತಡೆಯಬಹುದಿತ್ತು ಎಂದಮೇಲೆ, ತಡೆಯಬಹುದಾದ ಜಾಗದಲ್ಲಿ ಯಾರು ನಿಂತಿದ್ದರು ಎಂದು ಹುಡುಕಬೇಡವೇ?

ವಿಯೆನ್ನಾದ ಡಾಕ್ಟರ್ ಸೆಮ್ಮೆಲ್‌ವೈಸ್‌ನ ಹೆಸರು ನರ್ಸಿಂಗ್ ಓದಿದವರಿಗೆಲ್ಲ ಗೊತ್ತು. ಸುಣ್ಣದ ಕ್ಲೋರಿನ್ ನೀರಿನಲ್ಲಿ ಕೈ ತೊಳೆಸಿ, 1847ರ ಏಪ್ರಿಲ್‌ನಲ್ಲಿ ಶೇ 18ರಷ್ಟಿದ್ದ ಬಾಣಂತಿ ಸಾವನ್ನು ಜೂನ್ ಹೊತ್ತಿಗೆ ಶೇ 2ರ ಆಸುಪಾಸಿಗೆ ಇಳಿಸಿದವನು. ಆ ಕಥೆಯಲ್ಲಿ ನನ್ನನ್ನು ಕಾಡುವುದು ಇನ್ನೊಂದು ಭಾಗ. ಅವನಿದ್ದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು, ಒಂದು ಡಾಕ್ಟರರದು, ಇನ್ನೊಂದು ಸೂಲಗಿತ್ತಿಯರದು. ಸಾಯುವವರು ಡಾಕ್ಟರರ ವಾರ್ಡಿನಲ್ಲೇ ಹೆಚ್ಚು. ಊರಿನ ಬಡ ಹೆಂಗಸರಿಗೆ ಇದು ಮೊದಲೇ ಗೊತ್ತಿತ್ತು. ಅಲ್ಲಿಗೆ ಹಾಕಬೇಡಿ ಎಂದು ಮೊಣಕಾಲೂರಿ ಬೇಡುತ್ತಿದ್ದರು, ಕೆಲವರು ಬೀದಿಯಲ್ಲೇ ಹೆತ್ತು ಬರುತ್ತಿದ್ದರು. ಪಂಡಿತರು ಕಾರಣ ಹುಡುಕುತ್ತಾ ಗಾಳಿ, ಗ್ರಹಗತಿ ಎಂದೆಲ್ಲ ಬರೆದರು. ಬಸುರಿಯರ ಅಳುವನ್ನು ಆ ಪಂಡಿತರು ಸಾಕ್ಷ್ಯವೆಂದು ಬರೆದುಕೊಳ್ಳಲಿಲ್ಲ.

ಬರೆದುಕೊಂಡರೆ ಏನಾಗುತ್ತದೆ? ಅಮೆರಿಕದ ಫಿಲಡೆಲ್ಫಿಯಾದ ಐನ್‌ಸ್ಟೈನ್ ಮೆಡಿಕಲ್ ಸೆಂಟರಿನಲ್ಲಿ ಜ್ಯಾಸ್ಪರ್ ಪಾಮರ್ ಎಂಬಾತ ರೋಗಿಗಳನ್ನು ತಳ್ಳುಗಾಡಿಯಲ್ಲಿ ಸಾಗಿಸುತ್ತಿದ್ದ. ಔಷಧಕ್ಕೆ ಬಗ್ಗದ ಸೋಂಕಿನ ರೋಗಿಗಳ ಕೋಣೆಯಿಂದ ಹೊರಬರುವಾಗ ಎಲ್ಲರೂ ಗೌನು ಕಳಚಿ ಬಿಸಾಡುತ್ತಿದ್ದರು, ಡಬ್ಬ ತುಂಬಿ ನೆಲಕ್ಕೆ ಚೆಲ್ಲುತ್ತಿತ್ತು. ಪಾಮರ್ ಮಾತ್ರ ಗೌನನ್ನು ಚೆಂಡಿನ ಗಾತ್ರಕ್ಕೆ ಮುದುಡಿ, ಕೈಗವಸನ್ನು ತಿರುವಿ ಅದರೊಳಗೆ ಸೇರಿಸಿ ಬಿಡುತ್ತಿದ್ದ. ಸೋಂಕು ಹೊರಗೆ ತಾಗುವಂತಿಲ್ಲ, ಡಬ್ಬವೂ ತುಂಬುವುದಿಲ್ಲ. ಆ ಆಸ್ಪತ್ರೆ ಕೆಳಗಿನ ಸಿಬ್ಬಂದಿಯನ್ನು ಕೂರಿಸಿ ಕೇಳಲು ಶುರುಮಾಡಿದಾಗ ಈ ಉಪಾಯ ಹೊರಬಿತ್ತು. ಅವನ ಹೆಸರಿನಲ್ಲೇ ಅದು ಬೇರೆಯವರಿಗೂ ಪಾಠವಾಯಿತು. ಜಿನೀವಾದ ಆಸ್ಪತ್ರೆಯಲ್ಲಿ ಡಾಕ್ಟರ್ ಡಿಡಿಯೆ ಪಿಟ್ಟೆ ಕೈತೊಳೆಯುವ ಪೋಸ್ಟರುಗಳನ್ನು ಸಿಬ್ಬಂದಿಯ ಜೊತೆ ಕೂತೇ ಮಾಡಿಸಿದರು, ಸ್ಪಿರಿಟ್ ದ್ರಾವಣವನ್ನು ಹಾಸಿಗೆಯ ಪಕ್ಕಕ್ಕೇ ತಂದಿಟ್ಟರು. ಕೈ ಶುಚಿ ಶೇ 48ರಿಂದ 66ಕ್ಕೆ ಏರಿತು, ಆಸ್ಪತ್ರೆಯ ಸೋಂಕು ಶೇ 16.9ರಿಂದ 9.9ಕ್ಕೆ ಇಳಿಯಿತು. 2000ನೇ ಇಸವಿಯಲ್ಲಿ ಪ್ರಕಟವಾದ ಲೆಕ್ಕವಿದು.

ನಮ್ಮಲ್ಲಿ ಯೋಜನೆಗಳಿಗೆ ಬರವಿಲ್ಲ. 2015ರಿಂದ ಆಸ್ಪತ್ರೆಗಳ ಶುಚಿತ್ವಕ್ಕೆ ಕಾಯಕಲ್ಪ ಪ್ರಶಸ್ತಿಯಿದೆ, 2017ರಿಂದ ಹೆರಿಗೆ ಕೋಣೆಗಳಿಗೆ ಲಕ್ಷ್ಯ ಇದೆ, 2020ರಲ್ಲಿ ಸೋಂಕು ತಡೆಯ ರಾಷ್ಟ್ರೀಯ ಮಾರ್ಗಸೂಚಿಯೂ ಬಂತು. ಹಳದಿ, ಕೆಂಪು, ಬಿಳಿ, ನೀಲಿ ಎಂದು ಕಸದ ಡಬ್ಬಗಳಿಗೆ ಬಣ್ಣವಿದೆ. ಇವು ಬೇಕಾದವೇ. ಆದರೆ ಪರಿಶೀಲನೆಯ ತಂಡ ಬರುವ ಹಿಂದಿನ ದಿನ ಗೋಡೆಗೆ ಬಣ್ಣ ಬಳಿದು, ಫಿನಾಯಿಲ್ ಸುರಿದು, ಮಾರನೆಯ ವಾರ ಸೋಪಿಲ್ಲದ ಬೇಸಿನ್ನಿಗೆ ಮರಳುವುದು ಹೊಸದೇನಲ್ಲ. (ಫಿನಾಯಿಲ್ ವಾಸನೆ ಬಂದರೆ ಶುಚಿಯಾಗಿದೆ ಎಂದು ನಂಬುವ ಚಾಳಿ ನಮಗೂ ಇದೆ ಅನ್ನಿ.) ಅಂಕಪಟ್ಟಿಯ ಮುಂದೆ ಸಿಬ್ಬಂದಿ ಪರೀಕ್ಷೆಗೆ ಕೂತ ಮಕ್ಕಳಾಗುತ್ತಾರೆ. ಪ್ರಶ್ನೆಪತ್ರಿಕೆ ಬರೆಯುವವರು ಅವರೇ ಆಗಬೇಕು.

ಏಕೆಂದರೆ ಒಂದೊಂದು ಊರಿನ ತೊಡಕು ಒಂದೊಂದು. ಪಾವಗಡದ ಕೊಳವೆಬಾವಿಯ ನೀರು ಫ್ಲೋರೈಡಿಗೆ ಕುಖ್ಯಾತ. ಆ ನೀರು ಗಡಸೂ ಆಗಿದ್ದು, ಅದನ್ನೇ ಆಟೋಕ್ಲೇವ್‌ಗೆ ಸುರಿದರೆ ಕಾಯಿಲ್ ಮೇಲೆ ಸುಣ್ಣದ ಪೊರೆ ಕಟ್ಟುತ್ತದೆ, ಶಾಖ ಏರಲು ತಡವಾಗುತ್ತದೆ. ಆಂಧ್ರದ ಗಡಿಯ ಆ ತಾಲ್ಲೂಕಿನಲ್ಲಿ ಇಂಗ್ಲಿಷಿನ ಚಾರ್ಟು ತೂಗುಹಾಕಿ ಪ್ರಯೋಜನವಿಲ್ಲ. ಕನ್ನಡದಲ್ಲಿ ಬರೆದು ತೆಲುಗಿನಲ್ಲಿ ವಿವರಿಸಬೇಕಾದೀತು. ಶಿರಾ ಹೆದ್ದಾರಿಯ ಊರು. ಅಪಘಾತದ ಗಾಯ ಮಣ್ಣು, ಡಾಂಬರು ಮೆತ್ತಿಕೊಂಡೇ ಬರುತ್ತದೆ, ಹೊತ್ತುಗೊತ್ತಿಲ್ಲದೆ ಬರುತ್ತದೆ. ಮಧುಗಿರಿ, ಕೊರಟಗೆರೆಗಳಿಗೆ ಅವುಗಳದೇ ಕಷ್ಟ. ಇದಕ್ಕೆಲ್ಲ ಬೆಂಗಳೂರಿನ ಒಂದೇ ಸುತ್ತೋಲೆ ಸಾಲದು. ಯಾವ ನಲ್ಲಿಯಲ್ಲಿ ಮಧ್ಯಾಹ್ನ ನೀರು ನಿಲ್ಲುತ್ತದೆ, ಬ್ಲೀಚಿಂಗ್ ಪೌಡರಿನ ಚೀಲ ಬಾಯಿ ತೆರೆದುಕೊಂಡು ಯಾವ ಮೂಲೆಯಲ್ಲಿ ಸತ್ವ ಕಳೆದುಕೊಳ್ಳುತ್ತಿದೆ, ವಾರ್ಡಿಗೂ ಕಕ್ಕಸಿಗೂ ಒಂದೇ ಮಾಪು ಓಡಾಡುತ್ತಿದೆಯೇ ಎಂಬುದನ್ನು ಬಲ್ಲವರು ಅಲ್ಲೇ ಇದ್ದಾರೆ.

ಮಾಡಬೇಕಾದ್ದು ಕೋಟಿಗಟ್ಟಲೆ ಹಣ ಬೇಡುವ ಕೆಲಸವಲ್ಲ. ತಿಂಗಳಿಗೊಮ್ಮೆ ಡಾಕ್ಟರು, ಸಿಸ್ಟರು, ಓಟಿ ತಂತ್ರಜ್ಞರು, ಗ್ರೂಪ್ ಡಿಯವರು, ಬಟ್ಟೆ ಒಗೆಯುವವರು ಒಂದೇ ಬಗೆಯ ಕುರ್ಚಿಯಲ್ಲಿ ಸುತ್ತ ಕೂರಲಿ, ಮೊದಲ ಮಾತು ಕೆಳಗಿನ ಹುದ್ದೆಯವರದಾಗಿರಲಿ. ಅವರು ಹೇಳಿದ ತೊಡಕಿಗೆ ಪರಿಹಾರವನ್ನೂ ಅವರನ್ನೇ ಕೇಳಿ. ಗ್ಯಾಸ್ಕೆಟ್ಟೋ ಸೋಪೋ ಬೇಕೆಂದರೆ ಆರೋಗ್ಯ ರಕ್ಷಾ ಸಮಿತಿಯ ಹಣದಲ್ಲಿ ಆ ವಾರವೇ ತರಿಸಿ. ಡ್ರಮ್ ಆಗಿಲ್ಲ ಎಂದು ಯಾರು ಹೇಳಿದರೂ ಆಪರೇಷನ್ ನಿಲ್ಲಬೇಕು, ಹೇಳಿದವರಿಗೆ ನೋಟಿಸ್ ಕೊಡುವಂತಿಲ್ಲ ಎಂದು ಆಡಳಿತ ವೈದ್ಯಾಧಿಕಾರಿ ಬರೆದು ಸಹಿ ಹಾಕಿ ಓಟಿಯ ಬಾಗಿಲಿಗೆ ಅಂಟಿಸಲಿ. ಒಂದು ದಿನದಲ್ಲಿ ಇಷ್ಟು ಕೇಸು ಮುಗಿಸಲೇಬೇಕೆಂದು ಮೇಲಿನಿಂದ ಒತ್ತಡ ಬಂದರೆ ಅದನ್ನು ತಡೆದು ನಿಲ್ಲುವುದೂ ಅವರದೇ ಹೊಣೆ. ಛತ್ತೀಸಗಡದ ಬಿಲಾಸ್‌ಪುರದ ಬಳಿ 2014ರ ನವೆಂಬರಿನಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಸಂತಾನಹರಣ ಮಾಡಿದ ಶಿಬಿರ ಸಾವುಗಳಲ್ಲಿ ಮುಗಿಯಿತೆಂದು ದೇಶಕ್ಕೇ ಗೊತ್ತಿದೆ. ಅಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು.

ಇನ್ನು ನಮ್ಮ ಪಾಲು. ಬಾಣಂತಿಯ ಹಾಸಿಗೆಯ ಮೇಲೆ ಐದು ಜನ ಕೂರುವವರು ನಾವು. ಸಿಸ್ಟರ್ ಹೊರಗೆ ಹೋಗಿ ಎಂದರೆ 'ಎಮ್ಮೆಲ್ಲೆಗೆ ಫೋನ್ ಮಾಡ್ತೀನಿ' ಎಂದು ಗದರುವವರೂ ನಾವೇ. ಕೈ ತೊಳೆದು ಮಗು ಎತ್ತಿಕೊಳ್ಳಿ ಎಂದ ಆಯಾಳಿಗೆ ಅವಳ ಜಾತಿ ನೆನಪಿಸಿದವರು ನಮ್ಮೂರಲ್ಲಿ ಇಲ್ಲವೇ? ಅವಳ ಮಾತಿಗೆ ಆಸ್ಪತ್ರೆಯಲ್ಲಿ ಬೆಲೆ ಬರಬೇಕಾದರೆ ವಾರ್ಡಿನಲ್ಲಿ ನಾವೂ ಅದಕ್ಕೆ ತಲೆಬಾಗಬೇಕು. ಎಮ್ಮೆಲ್ಲೆಗೆ ಫೋನ್ ಮಾಡಲೇಬೇಕಿದ್ದರೆ ಮಾಡಿ. ಆರೋಗ್ಯ ರಕ್ಷಾ ಸಮಿತಿಯ ಮುಂದಿನ ಸಭೆ ಯಾವತ್ತು, ಓಟಿ ತೊಳೆಯುವವರಿಗೆ ಅಲ್ಲಿ ಕುರ್ಚಿ ಹಾಕುತ್ತಾರೆಯೇ, ಅವರು ಏನು ಹೇಳಿದರೆಂದು ನಡಾವಳಿ ಪುಸ್ತಕದಲ್ಲಿ ಬರೆಯುತ್ತಾರೆಯೇ ಎಂದು ಕೇಳಿ.