ಹುಲಿಸಾಕಣೆಯ ಹುಸಿವಾದ

ಕಾಡಿನ ಹುಲಿಯನ್ನು ಉಳಿಸಬೇಕಾದರೆ ಅದರ ಅವಯವಗಳ ಮಾರಾಟಕ್ಕೆ ಅನುಮತಿ ಕೊಡುವುದೇ ಸರಿಯಾದ ಉಪಾಯವೆಂದೂ, ಹುಲಿಗಳನ್ನು ಸಾಕಿ ಬೆಳೆಸಿ ಅವುಗಳ ಮೂಳೆಯನ್ನು ಪೇಟೆಗೆ ಧಾರಾಳವಾಗಿ ಒದಗಿಸಿದಲ್ಲಿ ಬೆಲೆ ಕುಸಿದು ಕಳ್ಳಬೇಟೆ ತಾನಾಗಿ ನಿಲ್ಲುವುದೆಂದೂ ವಾದಿಸುವ ಪಂಡಿತರು ಚೀನದಲ್ಲಿರುವಂತೆ ನಮ್ಮಲ್ಲಿಯೂ ಇದ್ದಾರೆ. 1993ರಿಂದ ತಾನೇ ಜಾರಿಯಲ್ಲಿಟ್ಟಿದ್ದ ನಿಷೇಧವನ್ನು ಚೀನ ಸರ್ಕಾರವು 2018ರ ಅಕ್ಟೋಬರಿನಲ್ಲಿ ಸಡಿಲಿಸಿ, ಸಾಕಿದ ಹುಲಿಯ ಮೂಳೆಯನ್ನು ಔಷಧಕ್ಕೆ ಬಳಸಬಹುದೆಂದು ಸಾರಿದಾಗ ಅದರ ಬೆನ್ನಿಗಿದ್ದುದು ಇದೇ ವಾದ. ಲೋಕದ ಪ್ರತಿಭಟನೆಗೆ ಮಣಿದು ಮರುತಿಂಗಳೇ ಆ ಆಜ್ಞೆಯನ್ನು ಮುಂದೂಡಲಾಯಿತು. ಆದರೆ ಸಾವಿರಾರು ಹುಲಿಗಳನ್ನು ಕೂಡಿಹಾಕಿರುವ ಸಾಕಣೆ ಕೇಂದ್ರಗಳು ಮುಚ್ಚಲಿಲ್ಲ.

ಈ ಪಂಡಿತರು ಮೊಸಳೆಯ ದೃಷ್ಟಾಂತವನ್ನು ಮುಂದಿಡುತ್ತಾರೆ. ಮೊಸಳೆಯ ಸಾಕಣೆಯಿಂದ ಕೆಲವು ದೇಶಗಳಲ್ಲಿ ಕಾಡುಮೊಸಳೆಗಳಿಗೆ ಒಳಿತಾದುದು ನಿಜವೇ. ಅದನ್ನು ಅಲ್ಲಗಳೆಯುವುದು ಪ್ರಾಮಾಣಿಕತೆಯಾಗದು. ಆದರೆ ಒಂದೇ ಸಲಕ್ಕೆ ಹತ್ತಾರು ಮೊಟ್ಟೆಗಳನ್ನಿಡುವ, ಅಲ್ಪಾಹಾರದಿಂದ ತೃಪ್ತವಾಗುವ ಆ ಪ್ರಾಣಿಗೂ, ವರ್ಷಗಟ್ಟಲೆ ಮಾಂಸವನ್ನುಣಿಸಿ ಬೆಳೆಸಬೇಕಾದ ಹುಲಿಗೂ ಏನು ಸಾಮ್ಯ? ಸಾಕಿದ ಹುಲಿಗೆ ತಗಲುವ ವೆಚ್ಚವೆಲ್ಲ ಅದರ ಮೂಳೆಯ ಬೆಲೆಯ ಮೇಲೆ ಬೀಳುವುದು. ಕಾಡಿನ ಹುಲಿಯನ್ನು ಕೊಲ್ಲುವವನಿಗಾದರೋ ಒಂದು ಮೊಳ ಕ್ಲಚ್ ತಂತಿಯ ಉರುಳು, ಇಲ್ಲವೆ ಸತ್ತ ದನದ ಮೇಲೆ ಚಿಮುಕಿಸಿದ ಒಂದು ಹಿಡಿ ಕೀಟನಾಶಕ ಸಾಕು. ನಾಗರಹೊಳೆಯ ಅಂಚಿನ ಕಾಫಿ ತೋಟಗಳಲ್ಲಿ ಹಂದಿಗೆಂದು ಒಡ್ಡಿದ ಉರುಳಿಗೇ ಹುಲಿ ಬೀಳುವುದುಂಟೆಂದಮೇಲೆ, ಹುಲಿಗೆಂದೇ ಒಡ್ಡುವವನೊಡನೆ ಬೆಲೆಯಲ್ಲಿ ಸ್ಪರ್ಧಿಸಿ ಗೆಲ್ಲುವ ಸಾಕಣೆದಾರನು ಎಲ್ಲಿದ್ದಾನೆ?

ಈ ವಾದದಲ್ಲಿ ಇದಕ್ಕಿಂತಲೂ ಘೋರವಾದ ದೋಷವೊಂದಿದೆ. ಔಷಧವೆಂದು ಮಾರಲು ಅಕ್ಕಿಯ ಮದ್ಯದಲ್ಲಿ ನೆನೆಸಿದ ಮೂಳೆಯು ದೊಡ್ಡಿಯದೋ ಕಾಡಿನದೋ ಎಂಬುದನ್ನು ಯಾವ ಅಂಗಡಿಯ ತನಿಖೆಗಾರನೂ ಕಣ್ಣಿಂದ ನೋಡಿ ಹೇಳಲಾರನು. ಆದ್ದರಿಂದ ಕಾನೂನುಬದ್ಧ ಮಾರಾಟವೆಂಬುದು ಕದ್ದ ಮಾಲಿಗೆ ಒದಗಿದ ರಹದಾರಿಯೇ ಸರಿ. ಕೊಳ್ಳುವವರಲ್ಲಿ ಕಾಡಿನ ಹುಲಿಯದೇ ಹೆಚ್ಚು ವೀರ್ಯವತ್ತಾದುದೆಂಬ ನಂಬಿಕೆ ಬೇರೂರಿರುವುದರಿಂದ, ಸಾಕಿದ ಮೂಳೆಯು ರುಚಿಯನ್ನು ಹಬ್ಬಿಸುವುದು, ಆ ರುಚಿಗೆ ಬಲಿಯಾಗುವುದು ಕಾಡಿನ ಹುಲಿ. ಥಾಯ್ಲೆಂಡಿನಲ್ಲಿ ಪ್ರವಾಸಿಗರ ಅಕ್ಕರೆಗೆ ಪಾತ್ರವಾಗಿದ್ದ ಒಂದು ದೇವಾಲಯದಿಂದ 2016ರಲ್ಲಿ 137 ಹುಲಿಗಳನ್ನು ತೆರವು ಮಾಡಿಸಿದಾಗ, ಅಲ್ಲಿನ ಶೀತಪೆಟ್ಟಿಗೆಯಲ್ಲಿ ದೊರೆತವು ನಲವತ್ತು ಸತ್ತ ಮರಿಗಳು. ಕರುಣೆಯ ಹೆಸರಿನಲ್ಲಿ ನಡೆದ ಸಾಕಣೆಯೇ ಹೀಗಿರುವಾಗ, ಲಾಭದ ಹೆಸರಿನಲ್ಲಿ ನಡೆಯುವುದನ್ನು ನಂಬುವುದೆಂತು?

ಬೇಡಿಕೆ ಚೀನದಲ್ಲಿ, ಬೇಟೆ ನಮ್ಮಲ್ಲಿ ಎಂಬುದಕ್ಕೆ ರಾಜಸ್ಥಾನದ ಸರಿಸ್ಕಾ ಸಾಕ್ಷಿ. ಹುಲಿ ಯೋಜನೆಗೆ ಸೇರಿದ್ದ, ಕಾವಲುಗಾರರಿದ್ದ, ಗಣತಿಯ ದಾಖಲೆಗಳಲ್ಲಿ ಹುಲಿಗಳು ಸುಖವಾಗಿದ್ದ ಆ ಅರಣ್ಯದಲ್ಲಿ ಒಂದೂ ಉಳಿದಿಲ್ಲವೆಂಬುದು 2005ರ ವೇಳೆಗೆ ನಿಶ್ಚಯವಾಯಿತು. ಸಂಸಾರ ಚಂದನಂಥ ವರ್ತಕರ ಜಾಲವು ಭಾರತದ ಚರ್ಮ ಮೂಳೆಗಳನ್ನು ನೇಪಾಳ ಟಿಬೆಟ್ಟುಗಳ ದಾರಿಯಾಗಿ ಸಾಗಿಸುತ್ತಿದ್ದುದು ತನಿಖೆಯಿಂದ ಹೊರಬಿದ್ದಿತು. 2009ರಲ್ಲಿ ಮಧ್ಯಪ್ರದೇಶದ ಪನ್ನಾಕ್ಕೂ ಅದೇ ಗತಿ. ಎರಡೂ ಕಡೆ ಬೇರೆ ಕಾಡುಗಳಿಂದ ಹುಲಿಗಳನ್ನು ತಂದು ಬಿಡಬೇಕಾಯಿತು.

ಹುಲಿಯ ಮೂಳೆಯನ್ನು ಬಳಸದಿರಿ ಎಂದು ಚೀನೀ ವೈದ್ಯಪದ್ಧತಿಯ ಜಾಗತಿಕ ಒಕ್ಕೂಟವೇ 2010ರಲ್ಲಿ ತನ್ನ ಸದಸ್ಯರಿಗೆ ಹೇಳಿಯಾಗಿದೆ. ಅವಯವಗಳ ವ್ಯಾಪಾರಕ್ಕಾಗಿ ಹುಲಿಯನ್ನು ಸಾಕಕೂಡದೆಂದು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ರಾಷ್ಟ್ರಗಳು 2007ರಲ್ಲಿಯೇ ತೀರ್ಮಾನಿಸಿವೆ. ಲೋಕದ ಕಾಡುಹುಲಿಗಳಲ್ಲಿ ಮೂರರಲ್ಲೆರಡು ಪಾಲಿಗೂ ಮಿಗಿಲಾಗಿ ಆಶ್ರಯವಿತ್ತಿರುವ, 2021ರಲ್ಲಿ ಅಸ್ಸಾಮಿನಲ್ಲಿ ಸುಮಾರು 2,500 ಖಡ್ಗಮೃಗದ ಕೊಂಬುಗಳನ್ನು ಬಹಿರಂಗವಾಗಿ ಸುಟ್ಟು ತನ್ನ ನಿಲುವನ್ನು ತೋರಿಸಿರುವ ಭಾರತವು, ಆ ತೀರ್ಮಾನದ ಪಾಲನೆಯನ್ನು ಸೌಜನ್ಯದ ಮಾತಿಗೆ ಬಿಡದೆ, ಸಾಕಣೆ ಕೇಂದ್ರಗಳು ಇಂತಿಷ್ಟು ವರ್ಷಗಳೊಳಗಾಗಿ ಮುಚ್ಚತಕ್ಕದ್ದೆಂದೂ, ಅಲ್ಲಿ ಕೂಡಿಟ್ಟಿರುವ ಮೂಳೆಯ ರಾಶಿಗಳನ್ನು ಸಾಕ್ಷಿಗಳೆದುರಿನಲ್ಲಿ ಸುಡತಕ್ಕದ್ದೆಂದೂ ಆ ಒಪ್ಪಂದದ ಸಭೆಯಲ್ಲಿ ಚೀನವನ್ನು ಹೆಸರಿಸಿಯೇ ಕೇಳಬೇಕು.