ಚಕಮಕಿ ಕಲ್ಲಿಗೊಂದು ಚರ್ಮದ ಚೀಲ

ಗಡಿಯಲ್ಲಿ ಗುಂಡಿನ ಚಕಮಕಿ, ಸದನದಲ್ಲಿ ಮಾತಿನ ಚಕಮಕಿ ಎಂದು ಕನ್ನಡ ಪತ್ರಿಕೆಗಳು ಬರೆಯುತ್ತಲೇ ಇರುತ್ತವೆ. ಚಕಮಕಿ ಎಂದರೆ ಬೆಂಕಿ ಹೊತ್ತಿಸುವ ಕಲ್ಲು. ತುರ್ಕಿ ಮೂಲದ ಪದ. ಆ ದೇಶದಲ್ಲಿ ಇಂದಿಗೂ ಸಿಗರೇಟ್ ಲೈಟರಿಗೆ ಇದೇ ಹೆಸರು. ನಮ್ಮ ಮಾತಿನಲ್ಲಿ ಮಾತ್ರ ಕಲ್ಲು ಮರೆತುಹೋಗಿ ಕಿಡಿಯಷ್ಟೇ ಉಳಿದಿದೆ. ಬಂದೂಕಿನ ಚರಿತ್ರೆ ಬರೆಯುವವರೂ ಬಹಳ ಸಲ ಹೀಗೆಯೇ ಕಲ್ಲನ್ನು ಬಿಟ್ಟು ಮುಂದೆ ಹೋಗುತ್ತಾರೆ.

18ನೇ ಶತಮಾನದ ಬಂದೂಕು ಸಿಡಿಯುತ್ತಿದ್ದುದು ಕುದುರೆಯ ದವಡೆಯಲ್ಲಿ ಕಚ್ಚಿಸಿದ ಒಂದು ಚೂರು ಕಲ್ಲಿನಿಂದ. ಕಲ್ಲು ಜಾರದಂತೆ ಸುತ್ತಲೂ ಚರ್ಮದ ತುಂಡು, ಸೇನೆಗಳಲ್ಲಿ ಕೆಲವೊಮ್ಮೆ ಸೀಸದ ತಗಡು. ಗುಂಡಿ ಒತ್ತಿದರೆ ಕಲ್ಲು ಉಕ್ಕಿನ ಹಲಗೆಗೆ ಬಡಿದು ಅದನ್ನು ಕೆರೆಯುತ್ತದೆ. ಹಾರುವ ಕಿಡಿ ಕಲ್ಲಿನದಲ್ಲ, ಕೆಂಪಗೆ ಕಾದ ಉಕ್ಕಿನ ಪುಡಿ. ಪ್ರತಿ ಏಟಿಗೂ ಕಲ್ಲಿನ ಅಂಚು ಸ್ವಲ್ಪ ಸ್ವಲ್ಪವೇ ಮುರಿಯುತ್ತದೆ. ಅಮೆರಿಕದ ಸೇನೆಯಲ್ಲಿ 20 ತೋಟಾಗಳಿಗೆ ಒಂದು ಕಲ್ಲು ಎಂಬ ಲೆಕ್ಕವಿತ್ತು. ಅಂಚು ಮೊಂಡಾದ ಮೇಲೆ ಆ ಬಂದೂಕು ಬರೀ ದೊಣ್ಣೆ.

ಬದಲಿ ಕಲ್ಲುಗಳನ್ನು ಹಾಗೆಯೇ ಜೇಬಿಗೆ ಹಾಕಿಕೊಂಡರೆ ಒಂದಕ್ಕೊಂದು ಬಡಿದು ಬಳಸುವ ಮೊದಲೇ ಹಾಳಾಗುತ್ತವೆ. ಅದಕ್ಕಾಗಿ ಈ ಚೀಲ: ಸಾಲಾಗಿ ನಾಲ್ಕೈದು ಪುಟ್ಟ ಜೇಬುಗಳಿರುವ, ಸುರುಳಿ ಸುತ್ತಿ ದಾರ ಕಟ್ಟುವ ಚರ್ಮದ ಪಟ್ಟಿ. ಇದು ಬರೀ ಹಳೆಯ ಕಾಲದ ಮಾತೂ ಅಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಕಳೆದ ಮೇಲೆ ಚಕಮಕಿ ಬಂದೂಕಿಗೆಂದೇ ಮೀಸಲಾದ ಜಿಂಕೆ ಬೇಟೆಯ ಋತುವಿದೆ. ಹಿಮದಲ್ಲಿ ಬೆರಳು ಮರಗಟ್ಟಿದಾಗ ಕಲ್ಲು ಥಟ್ಟನೆ ಕೈಗೆ ಸಿಗಬೇಕು.

ಚೀಲ ಮಾಡುವುದು ಕಷ್ಟವಲ್ಲ, ಆದರೆ ಯೋಚನೆ ಬೇಡುತ್ತದೆ. ಒಂದೂವರೆ ಮಿಲಿಮೀಟರ್ ದಪ್ಪದ ಮೆತ್ತನೆ ಚರ್ಮ ಸಾಕು. ಜೇಬಿನ ತಳಕ್ಕೆ ಹೊಲಿಗೆ ಬರಲೇಬಾರದು. ಕಲ್ಲಿನ ಅಂಚು ನೂಲನ್ನು ಕತ್ತರಿಸಿಬಿಡುತ್ತದೆ. ಚರ್ಮವನ್ನೇ ಮಡಿಚಿ ತಳ ಮಾಡಿ, ಕಲ್ಲುಗಳ ನಡುವೆ ಮಾತ್ರ ಹೊಲಿಯಬೇಕು. ಮೇಣ ತಿಕ್ಕಿದ ನಾರಿನ ದಾರ, ಎರಡು ಸೂಜಿ, ಒಂದೇ ತೂತಿನಲ್ಲಿ ಎರಡೂ ಕಡೆಯಿಂದ. ಹೀಗೆ ಹೊಲಿದರೆ ಒಂದು ಹೊಲಿಗೆ ಹರಿದರೂ ಸಾಲು ಬಿಚ್ಚಿಕೊಳ್ಳುವುದಿಲ್ಲ. ಕಲ್ಲುಗಳ ಅಳತೆ ಒಂದೇ ಇರುವುದಿಲ್ಲವಾದ್ದರಿಂದ ಚರ್ಮ ಕತ್ತರಿಸುವ ಮೊದಲು ಕಲ್ಲನ್ನೇ ಇಟ್ಟು ನೋಡಬೇಕು.

ಈ ಚೀಲದ ಮೇಲೆ ಹೂಬಳ್ಳಿ ಒತ್ತಿ, ಹಿತ್ತಾಳೆ ಗುಂಡಿ ಹಚ್ಚಿ, ಇದು ಅಪ್ಪಟ ಹಳೆಯ ಶೈಲಿ ಎನ್ನುವವರನ್ನು ನಂಬುವುದು ಕಷ್ಟ. ಅಪ್ಪಟತನ ಬೇಕಿದ್ದರೆ ಚರ್ಮದ ಹದ ನೋಡಲಿ. ಕ್ರೋಮ್ ಹದ 19ನೇ ಶತಮಾನದ ಉತ್ತರಾರ್ಧದಲ್ಲಿ ಬಂದದ್ದು. ಅದಕ್ಕೂ ಮೊದಲು ಬಹುಪಾಲು ತೊಗಟೆಯ ಹದ. ತಂಗಡಿ ತೊಗಟೆಯಲ್ಲಿ ಹದಗೊಂಡ ಮದ್ರಾಸ್ ಸೀಮೆಯ ಚರ್ಮವೂ ಒಂದು ಕಾಲಕ್ಕೆ ಇಂಗ್ಲೆಂಡಿಗೆ ಹೋಗುತ್ತಿತ್ತು. (ಪೆನ್ಸಿಲ್ವೇನಿಯಾದ ಗ್ಯಾರೇಜಿನಲ್ಲಿ ಇದು ರಜಾದಿನದ ಹವ್ಯಾಸ. ಇಲ್ಲಿ ಚರ್ಮ ಮುಟ್ಟಿದ ಕೈಗೆ ಅಂಟಿದ ಜಾತಿಯ ಹೆಸರು ಇನ್ನೂ ಬಿಟ್ಟಿಲ್ಲ.)

ಕಲ್ಲು ಒಡೆದವರ ಪಾಡೂ ಸುಖದ್ದಲ್ಲ. ನೆಪೋಲಿಯನ್ನನ ಕಾಲದಲ್ಲಿ ಬ್ರಿಟಿಷ್ ಸೇನೆಗೆ ಕಲ್ಲು ಪೂರೈಸಿದ್ದು ಸಫೋಕ್ ಸೀಮೆಯ ಬ್ರ್ಯಾಂಡನ್ ಎಂಬ ಊರು. ಮುಚ್ಚಿದ ಕೋಣೆಗಳಲ್ಲಿ ದಿನವಿಡೀ ಕೂತು ಒಡೆಯುತ್ತಿದ್ದವರ ಶ್ವಾಸಕೋಶಕ್ಕೆ ದೂಳು ಸೇರಿ ಅನೇಕರು ಬೇಗ ಸತ್ತರು. ಗೆದ್ದ ದಂಡನಾಯಕರ ಹೆಸರು ಪಠ್ಯದಲ್ಲಿದೆ, ಈ ಕೆಮ್ಮು ಇಲ್ಲ.

ಟಿಪ್ಪು ಸುಲ್ತಾನನ ಕಾರ್ಖಾನೆಗಳಲ್ಲಿ ತಯಾರಾದ ಚಕಮಕಿ ಬಂದೂಕುಗಳಲ್ಲಿ ಹಲವು 1799ರ ನಂತರ ಇಂಗ್ಲೆಂಡಿಗೆ ಹೋದವು. ಅವುಗಳ ಮೇಲಿನ ಹುಲಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ವಸ್ತುಸಂಗ್ರಹಾಲಯಗಳು ಇಂಥ ಬಂದೂಕನ್ನು ಗಾಜಿನೊಳಗೆ ಇಡುವಾಗ ಪಕ್ಕದಲ್ಲಿ ಒಂದು ಸವೆದ ಕಲ್ಲು, ಒಂದು ಹೊಸ ಕಲ್ಲು, ಅವನ್ನು ಹೊತ್ತ ಒಂದು ಸಾದಾ ಚೀಲ ಇಡಲಿ. ಹಳೆಯದು ಸಿಗದಿದ್ದರೆ ಹೊಸದಾಗಿ ಹೊಲಿಸಲಿ, ಹೊಲಿದವರ ಹೆಸರನ್ನೂ ಫಲಕದಲ್ಲಿ ಬರೆಸಲಿ.