ಸಂಸಾರಕ್ಕೊಂದು ಭಾನುವಾರ

ಕ್ಯಾಥೊಲಿಕ್ ಕ್ರೈಸ್ತರ 'ಕುಟುಂಬಗಳ ವಿಶ್ವಸಮ್ಮೇಳನ' 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲರ ಕಾಲದಲ್ಲಿ ರೋಮಿನಲ್ಲಿ ಆರಂಭವಾಯಿತು. ಆಮೇಲೆ ಅದು ರಿಯೋ, ಮನಿಲಾ, ಡಬ್ಲಿನ್ ಮುಂತಾದ ನಗರಗಳಲ್ಲಿ ಸೇರಿತು. ಅವುಗಳಲ್ಲಿ ದುಡಿಯುವ ಜನರು ಮುಖ್ಯವಾಗಿ ಗಮನಿಸಬೇಕಾದುದು 2012ರಲ್ಲಿ ಇಟಲಿಯ ಕೈಗಾರಿಕಾ ನಗರವಾದ ಮಿಲಾನಿನಲ್ಲಿ ನಡೆದ ಏಳನೆಯ ಸಮ್ಮೇಳನ. ಅದರ ವಿಷಯವೇ 'ಕುಟುಂಬ: ದುಡಿಮೆ ಮತ್ತು ಹಬ್ಬ'.

ಸಂಸಾರದ ಬಗ್ಗೆ ಚರ್ಚು ವಿಧಿಸುವ ಎಲ್ಲ ಕಟ್ಟಳೆಗಳನ್ನೂ ನಾವು ಒಪ್ಪುವವರಲ್ಲ. ಆದರೆ ಅಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಆಡಿದ ಒಂದು ಮಾತು ನ್ಯಾಯವಾದುದು. ಲಾಭವೊಂದನ್ನೇ ನೋಡುವ ವ್ಯವಸ್ಥೆ ಅಸಮಾನತೆಯನ್ನು ಬೆಳೆಸಿ ಸಂಸಾರವನ್ನು ಕೆಡಿಸುತ್ತದೆ, ಭಾನುವಾರವು ದೇವರ ದಿನವಾದಂತೆ ಮನುಷ್ಯನ ದಿನವೂ ಹೌದು ಎಂದು ಅವರು ಹೇಳಿದರು.

ಆದರೆ ಆ ಭಾನುವಾರಕ್ಕೆ ಆಗಲೇ ಕುತ್ತು ಬಂದಿತ್ತು. ಮೋಂಟಿ ಸರ್ಕಾರ 2011ರ ಡಿಸೆಂಬರಿನಲ್ಲಿ ಹೊರಡಿಸಿದ ಶಾಸನ ಅಂಗಡಿಗಳ ಸಮಯದ ಮೇಲಿದ್ದ ಕಟ್ಟುಗಳನ್ನೂ ಭಾನುವಾರ ಮುಚ್ಚಬೇಕೆಂಬ ನಿಯಮವನ್ನೂ ತೆಗೆದುಹಾಕಿತ್ತು. ಇದಕ್ಕೆ ವ್ಯಾಪಾರದ ಸ್ವಾತಂತ್ರ್ಯವೆಂದು ಹೆಸರು! ಯಾರ ಸ್ವಾತಂತ್ರ್ಯ? ದೊಡ್ಡ ಮಳಿಗೆಯವನು ಪಾಳಿಯ ಮೇಲೆ ಆಳುಗಳನ್ನಿಟ್ಟು ವಾರವೆಲ್ಲ ಬಾಗಿಲು ತೆರೆದಿಡಬಲ್ಲ. ಗಂಡಹೆಂಡಿರೇ ಕೂತು ನಡೆಸುವ ಸಣ್ಣ ಅಂಗಡಿ ಏನು ಮಾಡಬೇಕು? ಮುಚ್ಚಿದರೆ ಗಿರಾಕಿ ಹೋದ, ತೆರೆದರೆ ಮನೆ ಹೋಯಿತು. ಇನ್ನು ಮಳಿಗೆಯ ಆಳಿಗೂ ವಾರಕ್ಕೊಂದು ರಜೆಯುಂಟಲ್ಲ ಎನ್ನುವವರಿದ್ದಾರೆ. ಗಂಡನಿಗೆ ಮಂಗಳವಾರ, ಹೆಂಡತಿಗೆ ಶುಕ್ರವಾರ, ಮಕ್ಕಳಿಗೆ ಭಾನುವಾರ ಬಿಡುವಾದರೆ ಮೂವರಿಗೂ ರಜೆ ಸಿಕ್ಕಿತು, ಸಂಸಾರಕ್ಕೆ ಸಿಗಲಿಲ್ಲ.

ಅದೇ ಸಮ್ಮೇಳನದಲ್ಲಿ ಗ್ರೀಸಿನಿಂದ ಬಂದ ದಂಪತಿಗಳು ಆರ್ಥಿಕ ಮುಗ್ಗಟ್ಟಿನಲ್ಲಿ ನರಳುತ್ತಿರುವ ಸಂಸಾರಗಳ ಕಷ್ಟವನ್ನು ಪೋಪರ ಮುಂದಿಟ್ಟರು. ಒಂದು ದೇಶದ ಕುಟುಂಬ ಇನ್ನೊಂದು ದೇಶದ ಕುಟುಂಬಕ್ಕೆ ಆಸರೆಯಾಗಲಿ ಎಂಬುದು ಪೋಪರು ಕೊಟ್ಟ ಸಲಹೆ. ಕರುಣೆಯ ಮಾತು, ಸರಿ. ಆದರೆ ಕರುಣೆ ಕೂಲಿಯ ದರವನ್ನು ಗೊತ್ತುಮಾಡುವುದಿಲ್ಲ, ಕೆಲಸದ ಗಂಟೆಗಳಿಗೆ ಮಿತಿ ಹಾಕುವುದಿಲ್ಲ. ದುಡಿಯುವವನ ಜೀವನಕ್ಕೆ ಸಾಲುವಷ್ಟು ಕೂಲಿ ನ್ಯಾಯದ ಮಾತು, ಅದು ಮಾಲೀಕನ ಮರ್ಜಿಗೆ ಬಿಟ್ಟದ್ದಲ್ಲ ಎಂದು 1891ರಷ್ಟು ಹಿಂದೆಯೇ ಪೋಪ್ ಹದಿಮೂರನೆಯ ಲಿಯೋ ಅವರು ಬರೆದಿದ್ದರು. ಆ ಮಾತನ್ನು ಮಿಲಾನಿನ ವೇದಿಕೆಯಿಂದ ಗಟ್ಟಿಯಾಗಿ ಮತ್ತೊಮ್ಮೆ ಹೇಳಬಹುದಾಗಿತ್ತು.

ಸಮ್ಮೇಳನ ಮುಗಿದ ಮೇಲೆ ಅದೇ ವರ್ಷ ಇಟಲಿಯ ಸಣ್ಣ ವರ್ತಕರ ಸಂಘವು ಬಿಷಪ್ಪರ ಬೆಂಬಲ ಪಡೆದು, ಭಾನುವಾರವನ್ನು ಬಿಡಿಸಿಕೊಡಿ ಎಂದು ಸಹಿ ಸಂಗ್ರಹಕ್ಕೆ ಹೊರಟಿತು. ನಮ್ಮ ದೃಷ್ಟಿಯಲ್ಲಿ ಸಮ್ಮೇಳನದ ಭಾಷಣಗಳಿಗಿಂತ ತೂಕದ ಕೆಲಸವಿದು.

ನಮ್ಮ ದೇಶದಲ್ಲಿ ಗಿರಣಿಯ ಕೆಲಸಗಾರನಿಗೆ ವಾರದ ರಜೆ ಕಾಯಿದೆಯಿಂದ ಬಂದ ಹಕ್ಕು, ಯಾರ ಉಪದೇಶದಿಂದಲೂ ಬಂದದ್ದಲ್ಲ. ಗುಡಿಗೋ ಚರ್ಚಿಗೋ ಮಸೀದಿಗೋ ಹೋಗಲು, ಎಲ್ಲಿಗೂ ಹೋಗದೆ ಮಕ್ಕಳೊಡನೆ ಉಣ್ಣಲು, ಮನೆಮಂದಿಗೆಲ್ಲ ಒಂದೇ ದಿನ ಬಿಡುವು ಬೇಕು. ಇದರಲ್ಲಿ ಕೆಲಸಗಾರನದೂ ಸಣ್ಣ ಅಂಗಡಿಯವನದೂ ಒಂದೇ ಪಕ್ಷ. ಇಬ್ಬರೂ ಕೂಡಿ ಕೇಳಿದರೆ ಮಾತ್ರ ಅದು ಉಳಿದೀತು.